ಅಳುಮೋರೆ ಬ್ಯಾಂಡಿನ ಅಭಿಮಾನಿಗಳು

ಒಂದು ಊರಿನ ಪೇಟೆ ಓಣಿಯಲ್ಲಿ ನಾಲ್ಕು ಹುಡುಗರು ಸೇರಿ ಬ್ಯಾಂಡ್ ಕಟ್ಟಿದ್ದರು. ಮದುವೆಯಲ್ಲಿ ಊದುವ ಬ್ಯಾಂಡ್ ಅಲ್ಲ. ಎರಡು ಗಿಟಾರು, ಒಂದು ಡ್ರಮ್ಮು, ನಡುವೆ ನಿಂತು ಹೊಟ್ಟೆಯೊಳಗಿನ ಸಂಕಟವನ್ನೆಲ್ಲ ತೋಡಿಕೊಳ್ಳುವ ಹಾಡುಗಾರ ಇಂದೂಧರ. ಇಂಥ ಹಾಡಿಗೆ ಎಮೋ ಅಂತ ಹೆಸರಂತೆ. ಬ್ಯಾಂಡಿಗೆ ಅವರು ಇಟ್ಟುಕೊಂಡ ಹೆಸರು ‘ಮುಚ್ಚಿದ ಕಿಟಕಿ’.

ಹುಡುಗರ ಅವತಾರವೋ, ಕೇಳಲೇಬೇಡಿ. ಮೈತುಂಬ ಕಪ್ಪು ಬಟ್ಟೆ, ಹಣೆ ಮುಚ್ಚಿ ಕಣ್ಣಿಗೆ ಇಳಿದ ಕೂದಲು, ಆ ಕಣ್ಣಿಗೆ ಕಾಡಿಗೆ ಬೇರೆ! ಗಂಡುಮಕ್ಕಳು! ಯಾರ ಮನೆಯ ಕಾಡಿಗೆ ಡಬ್ಬಿ ಖಾಲಿಯಾಯಿತು ಅಂತ ನಲ್ಲಿಯ ಹತ್ತಿರ ಹೆಂಗಸರು ಗುಸುಗುಸು ಮಾಡಿದ್ದೇ ಮಾಡಿದ್ದು. ಕಡೆಗೆ ಓಣಿಯೆಲ್ಲ ಸೇರಿ ‘ಅಳುಮೋರೆ ಬ್ಯಾಂಡ್’ ಅಂತ ಹೊಸ ಹೆಸರಿಟ್ಟಿತು.

ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹುಡುಗರ ಕೈಯಲ್ಲಿ ವಿದ್ಯೆ ಇತ್ತು.

ಅದು ಮೊದಲು ಗೊತ್ತಾದದ್ದು ನೀಲಾಂಬಿಕೆಗೆ. ಅವಳು ಮನೆಯಲ್ಲಿ ಕೂತು ಸೀರೆಗೆ ಫಾಲ್ ಹೊಲಿಯುವವಳು. ಪಕ್ಕದ ಮಾಳಿಗೆಯಿಂದ ಇವರ ಅಭ್ಯಾಸ ದಿನಾ ಕಿವಿಗೆ ಬೀಳುತ್ತಿತ್ತು. ಮೊದಮೊದಲು ಅವಳೂ ಬೈದಳು. ಆಮೇಲೆ ಹೊಲಿಗೆ ನಿಲ್ಲಿಸಿ ಕಿವಿಗೊಟ್ಟಳು. ಒಂದು ಗಿಟಾರು ಏನೋ ಕೇಳುತ್ತದೆ. ಇನ್ನೊಂದು ಉತ್ತರ ಕೊಡದೆ ಮುಖ ತಿರುಗಿಸಿ ಬೇರೆ ಮಾತು ತೆಗೆಯುತ್ತದೆ, ಮುನಿಸಿಕೊಂಡ ಗಂಡ ಹೆಂಡತಿಯ ಹಾಗೆ. ತಾಳ ಮುಗಿಯಿತು ಅಂತ ಕಾಲು ಊರಬೇಕು, ಅಷ್ಟರಲ್ಲಿ ಅದು ಇನ್ನರ್ಧ ಹೆಜ್ಜೆ ಆಚೆಗೆ ಜಾರುತ್ತದೆ. ಹಾಗೆ ಜಾರಿ ಜಾರಿ ಎಲ್ಲವೂ ಒಂದೇ ಕಡೆ ಬಂದು ಕೂಡಿದಾಗ ನೀಲಾಳ ಸೂಜಿ ಅವಳ ಬೆರಳಿಗೇ ಚುಚ್ಚಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಅವತ್ತಿನಿಂದ ಅವಳು ಅಭಿಮಾನಿ. ಅದೆಂಥ ಅಭಿಮಾನ ಅಂತೀರಿ! ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಮಾಳಿಗೆಯಿಂದ ಹಾಡು ಕೇಳಿಸಿತು. ಹುಡುಗ ನಕ್ಕು, “ಏನ್ರಿ, ಬಾಜೂ ಮನ್ಯಾಗ ಯಾರರ ತೀರ್ಕೊಂಡಾರೇನು?” ಅಂದ. ನೀಲಾ ಅವನ ಮುಂದಿದ್ದ ಉಪ್ಪಿಟ್ಟಿನ ತಟ್ಟೆಯನ್ನೇ ಎತ್ತಿಕೊಂಡು ಒಳಗೆ ನಡೆದಳು! “ಕಿವಿ ಇಲ್ಲದವರಿಗೆ ಬಾಯಿ ಯಾಕ ಬೇಕು?” ಅಂತ ಒಳಗಿನಿಂದ ಕೂಗಿದಳಂತೆ. ಸಂಬಂಧ ಅಲ್ಲಿಗೇ ಮುಗಿಯಿತು. ಓಣಿಗೆ ಮಾತ್ರ ತಿಂಗಳಿಡೀ ಹಬ್ಬ.

ಗಣಪತಿ ಹಬ್ಬ ಬಂತು. ಹುಡುಗರಿಗೆ ಪೆಂಡಾಲಿನಲ್ಲಿ ಹಾಡಲು ಬಿಡಿ ಅಂತ ನೀಲಾ, ಓಣಿಯ ಗಣಪತಿ ಮಂಡಳಿಯ ಅಧ್ಯಕ್ಷ ತೋಟಪ್ಪನ ಬೆನ್ನು ಹತ್ತಿದಳು. ಕಾಟ ತಡೆಯಲಾರದೆ ಅವನು ಒಪ್ಪಿದ.

“ಒಂದೇ ಹಾಡು. ಮಂದಿ ಎದ್ದು ಹೋದ್ರ ಮತ್ತ ನಮ್ಮ ಪೆಂಡಾಲ್ ಕಡೆ ತಲಿ ಹಾಕಬ್ಯಾಡ್ರಿ.”

ಅತ್ತ ಡ್ರಮ್ಮು ಬಾರಿಸುವ ಫಕೀರೇಶನಿಗೆ ಅವನಪ್ಪ, “ಈ ಸಲ ನೆಟ್ಟಗ ಆಗಲಿಲ್ಲಂದ್ರ ಡ್ರಮ್ಮು ಅಟ್ಟಕ್ಕ, ನೀ ಅಂಗಡಿಗೆ” ಅಂದುಬಿಟ್ಟಿದ್ದ. ಡ್ರಮ್ಮು ಅಟ್ಟ ಹತ್ತಿದರೆ ಬ್ಯಾಂಡ್ ಎಲ್ಲಿ ಉಳಿಯಿತು? ಎಲ್ಲವೂ ಆ ಒಂದು ಹಾಡಿನ ಮೇಲೆ ನಿಂತಿತು.

ಬ್ಯಾಂಡ್ ಉಳಿಸಲೇಬೇಕು ಅಂತ ನೀಲಾ ನಾಲ್ಕಾರು ಜನರನ್ನು ಕೂಡಿಸಿ ಅಭಿಮಾನಿ ಬಳಗ ಕಟ್ಟಿದಳು. ಸಿನಿಮಾ ಹೀರೋಗಳಿಗೆ ಮಾಡಿದ ಹಾಗೇ ಮಾಡಿದರು. ಹುಡುಗರ ಆಳೆತ್ತರದ ಫ್ಲೆಕ್ಸ್ ಕಟ್ಟಿ ಅದಕ್ಕೆ ಹಾಲಿನ ಅಭಿಷೇಕ ಮಾಡಿದರು. ಕೆಳಗೆ ಹರಿದ ಹಾಲು ನೆಕ್ಕಿ ಓಣಿಯ ನಾಯಿಗಳೂ ಅಭಿಮಾನಿಗಳಾದವು.

ಸಂಜೆ ಮಂಗಳಾರತಿ ಆಯಿತು. ಹುಡುಗರು ವೇದಿಕೆ ಹತ್ತಿದರು. ಅವರ ಹಾಡು ಶುರುವಾಗುವುದೇ ಒಂದು ಗಿಟಾರಿನಿಂದ, ಮಲಗಿದ ಮಗುವನ್ನು ಮುಟ್ಟಿದಷ್ಟು ಮೆತ್ತಗೆ. ಸರಿಯಾಗಿ ಅದೇ ಹೊತ್ತಿಗೆ ಬಳಗದವರು ಪಟಾಕಿ ಸರಕ್ಕೆ ಬೆಂಕಿ ಇಟ್ಟರು! ಢಂಢಂ ಅಂದದ್ದೇ ಬಂತು, ಗಿಟಾರು ಎಲ್ಲಿ ಹೋಯಿತೋ. ಹೊಗೆ ಆರುವಷ್ಟರಲ್ಲಿ ಮುಂದಿನ ಸಾಲಿನವರು ಭಜನೆಗೆ ಹೊಡೆದ ಹಾಗೆ ತಾಳ ಹಾಕಿ ಚಪ್ಪಾಳೆ ಹೊಡೆಯತೊಡಗಿದರು. ನೀಲಾ ಎದ್ದು ನಿಂತಳು.

“ಏ, ಹಂಗ ಸಮ ಹೊಡೀಬ್ಯಾಡ್ರಿ! ಈ ತಾಳ ನಿಮಗ ತಿಳಿಯೂದಲ್ಲ!”

“ತಿಳೀಲಾರದ್ದು ನಮಗ್ಯಾಕ ಕೇಳಸ್ತೀಯವಾ?” ಅಂತ ಹಿಂದಿನಿಂದ ಒಬ್ಬ ಕೂಗಿದ.

“ಮೊದಲ ಆ ಕಾಡಿಗಿ ಯಾರ ಮನೀದು ಕೇಳ್ರಿ,” ಅಂದಳು ಮುಂದಿನ ಕುರ್ಚಿಯಲ್ಲಿದ್ದ ಗುರುಸಿದ್ಧವ್ವ. ತೋಟಪ್ಪನ ತಾಯಿ ಅವಳು. ನೀಲಾ ಅವಳ ಜೊತೆಗೂ ಜಗಳಕ್ಕೆ ನಿಂತಳು. ಜನ ಏಳತೊಡಗಿದರು.

ಇಂದೂಧರ ಹಾಡು ನಿಲ್ಲಿಸಿದ. ಕೈ ಮುಗಿದು ಮೈಕಿನಲ್ಲೇ ಕೇಳಿಕೊಂಡ.

“ನೀಲಕ್ಕಾ, ಸುಮ್ಮನ ಕುಂದ್ರು. ಅವರ ಬೈಗಳದಾಗ ನಮ್ಮ ಹಾಡು ಉಳಿದೀತು. ನಿನ್ನ ಜಗಳದಾಗ ಉಳಿಯಂಗಿಲ್ಲ.”

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಗಂಡಿನ ಕಡೆಯವರನ್ನೇ ಓಡಿಸಿದ ನೀಲಾಳ ಮುಖ ಕೆಂಪಗಾಯಿತು, ಕಣ್ಣು ತುಂಬಿತು. ಆದರೂ ಹುಡುಗಿಗೆ ಬುದ್ಧಿ ಇತ್ತು. ಹುಡುಗ ಹೇಳಿದ್ದು ನಿಜ ಅಂತ ಅವಳಿಗೆ ಹೊಳೆಯಿತು. ಎದ್ದು ಹೋಗಿ, ಕ್ಯಾನಿನಲ್ಲಿ ಉಳಿದಿದ್ದ ಹಾಲನ್ನೆಲ್ಲ ಉಳಿದ ಪಟಾಕಿಯ ಮೇಲೆ ಸುರಿದಳು. ಬಂದು ಕೂತು ವೇಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ಹಾಡು ಮೊದಲಿನಿಂದ ಶುರುವಾಯಿತು. ಗಿಟಾರು ಮೆತ್ತಗೆ ಬಂತು, ಈ ಸಲ ಕೇಳಿಸಿತು. ಮತ್ತೆ ಚಪ್ಪಾಳೆ ಬಿತ್ತು, ತಪ್ಪು ತಪ್ಪಾಗಿ. ನೀಲಾಳ ಜೀವ ಹೋಗಿ ಬಂತು. ಆದರೂ ಅವಳು ಮಿಸುಕಲಿಲ್ಲ. ತಾಳ ಕೈಗೆ ಸಿಗದೆ ಚಪ್ಪಾಳೆ ತಾನಾಗಿಯೇ ನಿಂತಿತು, ಕೈಗಳು ಮಡಿಲಿಗೆ ಇಳಿದವು. ಕೆಲವರು ಪ್ರಸಾದದ ಕಡೆ ಎದ್ದು ಹೋದರು. ಹೋಗಲಿ. ಉಳಿದವರು ಉಳಿದರು.

ಗುರುಸಿದ್ಧವ್ವ ಗಂಡ ಸತ್ತಾಗಲೂ ನಾಲ್ಕು ಜನರ ಮುಂದೆ ಅತ್ತವಳಲ್ಲ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಪಕ್ಕದವಳಿಗೆ ಮೆಲ್ಲಗೆ ಹೇಳಿದಳು.

“ಬಿಕ್ಕಿ ಬಿಕ್ಕಿ ಅಳೂವಾಗ ಉಸಿರು ಹಿಂಗ ಮುಗ್ಗರಸತೈತಿ ನೋಡವಾ. ಇವು ತಾಳ ತಪ್ಪಿಲ್ಲ, ಬೇಕಂತನ ಬಾರಸಾಕತ್ತಾವ.”

ನಾನು ಹೇಳಿದ್ದೂ ಅದೇ ಅಲ್ಲವಾ ಅಂತ ಕಿರುಚಬೇಕು ಅನ್ನಿಸಿತು ನೀಲಾಗೆ. ವೇಲನ್ನು ಇನ್ನೂ ಗಟ್ಟಿಯಾಗಿ ಕಚ್ಚಿದಳು.

ಹಾಡು ಮುಗಿಯಿತು. “ಆತು, ಇಳೀರಿ ಇನ್ನ,” ಅಂತ ತೋಟಪ್ಪ ಎದ್ದ.

“ನೀ ಕುಂದ್ರೋ ತೋಟ್ಯಾ!” ಗುರುಸಿದ್ಧವ್ವನ ದನಿಗೆ ಮೈಕೇ ಬೇಕಾಗಲಿಲ್ಲ. “ಇನ್ನೊಮ್ಮೆ ಬಾರಸ್ರಿ ಮಕ್ಕಳಾ. ಆ ಹುಡುಗಿ ಮತ್ತ ಬಾಯಿ ತಗಿಯೂದ್ರೊಳಗ!”

ಡ್ರಮ್ಮು ಅಟ್ಟ ಹತ್ತಲಿಲ್ಲ. ಮರುದಿನ ಗುರುಸಿದ್ಧವ್ವ ತಾನೇ ದೀಪಕ್ಕೆ ಹಿಡಿದು ಮಾಡಿದ ಕಾಡಿಗೆಯ ಡಬ್ಬಿಯನ್ನು ಮಾಳಿಗೆಗೆ ಕಳಿಸಿಕೊಟ್ಟಳು. “ಅಂಗಡಿ ಕಾಡಿಗಿ ಬ್ಯಾಡ, ಕಣ್ಣು ಉರೀತಾವ,” ಅಂತ ಹೇಳಿಯೂ ಕಳಿಸಿದಳು.

ನೀತಿ: ನೀವು ಮೆಚ್ಚಿದ್ದು ನಿಜವಾಗಿ ಚೆನ್ನಾಗಿದ್ದರೆ ಅದರ ಪರವಾಗಿ ಕೂಗಾಡಬೇಡಿ, ಅದು ನಾಲ್ಕು ಜನರ ಕಿವಿಗೆ ಬೀಳುವಷ್ಟು ಜಾಗ ಬಿಡಿ. ಒಳ್ಳೆಯ ವಿದ್ಯೆ ಹಳಿಯುವವರಿಂದ ಕೆಡುವುದು ಕಡಿಮೆ, ಅಭಿಮಾನಿಗಳ ಗದ್ದಲದಲ್ಲಿ ಮುಳುಗುವುದೇ ಹೆಚ್ಚು.