ಸಾವಿರದ ಒಂಬತ್ತನೆಯ ಸಸಿ

ಸಂಪಿಗೆ ತೋಪು ಹಾಕಿಸಲು ಹೊರಟ ದಿವಾನರಿಗೆ ಸಾವಿರದ ಎಂಟು ಸಸಿ ಸಾಲಲಿಲ್ಲ. "ಅದು ಎಲ್ಲರೂ ಮಾಡೋ ಲೆಕ್ಕ. ನನ್ನದು ಸಾವಿರದ ಒಂಬತ್ತು! ಸಾಲುಗಳೆಲ್ಲ ಸಮ ಇರಬೇಕು, ಒಂದು ಸಸಿಯೂ ಉಳಿಯಬಾರದು" ಎಂದು ಮಾಲಿಗೆ ಅಪ್ಪಣೆ ಮಾಡಿದರು.

ಮಾಲಿ ಹುಣಸೆಬೀಜ ಹರಡಿಕೊಂಡು ಕೂತ. ಎರಡು ಸಾಲು ಮಾಡಿದರೂ ಒಂದು ಉಳಿಯಿತು. ಏಳು ಮಾಡಿದರೂ ಒಂದು ಉಳಿಯಿತು. ಹನ್ನೊಂದು ಮಾಡಿದರೆ ಎಂಟು ಉಳಿದವು. ಮೂರು ದಿನ ಇದೇ ಗೋಳು.

"ಬುದ್ಧೀ, ಈ ಸಂಖ್ಯೆ ಯಾವುದಕ್ಕೂ ಬಗ್ಗೋದಿಲ್ಲ. ಒಂದು ಸಸಿ ಬಿಟ್ಟುಬಿಡಿ."

"ನನಗೇ ಲೆಕ್ಕ ಹೇಳಿಕೊಡ್ತೀಯಾ? ಹೇಳಿದಷ್ಟು ಮಾಡು!"

ಮಾಲಿ ಹಣೆ ಚಚ್ಚಿಕೊಂಡು ಗುದ್ದಲಿ ಎತ್ತಿದ.

ಮರುದಿನ ದಿವಾನರು ಊಟಕ್ಕೆ ಬಂದರೆ ಮಣೆ ಹಾಕುವ ಜಾಗದಲ್ಲಿ ಗುಂಡಿ. ಗುಂಡಿಯಲ್ಲಿ ಸಂಪಿಗೆ ಸಸಿ.

"ಏನೋ ಇದು?"

"ನಾನೂರ ಹನ್ನೆರಡನೇದು, ಬುದ್ಧೀ. ಒಂದೇ ಸಾಲು ಹಾಕಿದರೆ ಮಾತ್ರ ಏನೂ ಉಳಿಯೋದಿಲ್ಲ. ಸಾಲು ಹೀಗೇ ನೆಟ್ಟಗೆ ಅರಮನೆಗೆ ಹೋಗುತ್ತೆ. ಆರುನೂರನೇದು ಮಹಾರಾಜರ ಮಂಚದ ಕೆಳಗೆ ಬರುತ್ತೆ. ತಾವೇ ಹೋಗಿ ಮಂಚ ಸ್ವಲ್ಪ ಸರಿಸಿಕೊಡಬೇಕು."

ದಿವಾನರ ಮುಖ ಬಿಳಿಚಿಕೊಂಡಿತು. ತಾವೇ ಆ ಸಸಿಯನ್ನು ಕಿತ್ತು ಮಾಲಿಯ ಕೈಗೆ ತುರುಕಿದರು. "ಸಾವಿರದ ಎಂಟೇ ಸಾಕು ಮಾರಾಯ!"

"ಹಾಗಾದರೆ ಇಪ್ಪತ್ತೆಂಟು ಸಾಲು, ಸಾಲಿಗೆ ಮೂವತ್ತಾರು. ಆ ಗುಂಡಿಗಳನ್ನೆಲ್ಲ ಮೊನ್ನೆಯೇ ತೋಡಿಸಿಟ್ಟಿದ್ದೀನಿ, ಬುದ್ಧೀ."