ಟೀವಿಯ ಪಡಸಾಲೆಗೆ ಬಂದ ಅತಿಥಿ

ನಮ್ಮೂರಲ್ಲಿ ನಾನು ನೆಟ್ಟ ಟೀವಿ ಆಂಟೆನಾ ಎಷ್ಟು ಎತ್ತರ ಇತ್ತೆಂದರೆ, ಅದರ ತುದಿಯಲ್ಲಿ ಹದ್ದೊಂದು ಗೂಡು ಕಟ್ಟಿ, ಅದರ ಮರಿಗಳು ಮೊಟ್ಟೆಯೊಡೆದು ಬಂದ ದಿನವೇ ವಾರ್ತೆ ಓದಿದವು. ಸುಳ್ಳು ಅನ್ನುವವರು ಹೋಗಿ ನೋಡಿಕೊಂಡು ಬರಬಹುದು. ಊರು ಈಗ ಅಣೆಕಟ್ಟಿನ ಹಿನ್ನೀರಿನ ತಳದಲ್ಲಿದೆ.

ಊರು ಮುಳುಗಿದ ಮೇಲೆ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಹೊಳೆದಂಡೆಯ ಅಜ್ಜಾರ ಆಶ್ರಮ ಸೇರಿದೆ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ ನಾನು. ಆದರೆ ಸುತ್ತ ಏಳು ತಾಲ್ಲೂಕಿನಲ್ಲಿ ಈ ಚಂಬಣ್ಣ ಬಿಚ್ಚದ ರೇಡಿಯೊ ಇಲ್ಲ, ಟೀವಿ ಇಲ್ಲ. ತಿರುಗಿ ಜೋಡಿಸಿದ್ದು ಎಷ್ಟು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಜ್ಜಾರಿಗೆ ಆಗ ಎಂಬತ್ತೆರಡು. ಶಿಷ್ಯನಾದ ನನಗೆ ಅರವತ್ತು.

ಅವರಿಗೆ ದಿನಾ ಪತ್ರಗಳು ಬರುತ್ತಿದ್ದವು. ಮನೆಯವರಿಗೂ ಹೇಳಲಾಗದ ದುಃಖವನ್ನು ಜನ ಅವರಿಗೆ ಬರೆಯುತ್ತಿದ್ದರು. ಅಜ್ಜಾರು ಬೆಳಿಗ್ಗೆ ಓದುವರು, ಉತ್ತರ ಬರೆದು ಲಕೋಟೆ ಅಂಟಿಸುವರು, ಬಂದ ಪತ್ರವನ್ನು ಹೊಳೆಗೆ ಬಿಡುವರು. ಇನ್ನೊಬ್ಬರ ಕಣ್ಣಿಗೆ ಬೀಳಗೊಡುತ್ತಿರಲಿಲ್ಲ.

ಆ ವರ್ಷ ಅವರ ಕಣ್ಣು ಮಂಜಾಯಿತು. ಪೊರೆಯಲ್ಲ, ಒಳಗಿನ ನರವೇ ಸೊರಗಿದೆ, ಇನ್ನು ದೊಡ್ಡದಷ್ಟೇ ಕಾಣುತ್ತದೆ ಎಂದರು ಡಾಕ್ಟರು. ಬಿದಿರಿನ ಬುಟ್ಟಿಯಲ್ಲಿ ಪತ್ರಗಳು ತುಂಬತೊಡಗಿದವು.

ಪಕ್ಕದ ಊರಿನ ಮಾಸ್ತರರು ಬಂದರು. “ನಾ ಓದಿ ಹೇಳ್ತೀನ್ರಿ, ಅಜ್ಜಾರ.”

“ಇವನ್ನ ಅವರು ನನಗ ಬರದಾರ, ಮಾಸ್ತರ. ನಿಮಗ ಬರದ್ರ ನೀವು ಓದ್ರಿ.”

ಮಾಸ್ತರರು ಹೋದರು. ಅಜ್ಜಾರು ಬುಟ್ಟಿಯ ಮೇಲೆ ಕೈಯಿಟ್ಟುಕೊಂಡು ಕುಳಿತರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಅದು ನನಗೆ ನೋಡಲಾಗಲಿಲ್ಲ.

ಪಡಸಾಲೆಯ ಗೋಡೆಗೆ ಭಕ್ತರೊಬ್ಬರು ಕೊಟ್ಟ ಸ್ಮಾರ್ಟ್ ಟೀವಿ ಇತ್ತು, ಬಾಗಿಲಿನಷ್ಟು ದೊಡ್ಡದು. ಸಂಜೆ ಅದರಲ್ಲಿ ಅಡುಗೆಯ ಫಕೀರವ್ವ ಕುಸ್ತಿ ನೋಡುತ್ತಿದ್ದಳು.

“ಅಜ್ಜಾರ, ಇದರಾಗ ನಿಮಗ ಪತ್ರ ತೋರಸ್ತೀನ್ರಿ. ಒಂದೊಂದು ಅಕ್ಷರ ಮುಷ್ಟಿಯಷ್ಟು.”

“ಟೀವಿ ತಾನು ಹೇಳೂದು ಹೇಳ್ತೈತಿ. ನಾವು ಕೊಟ್ಟದ್ದು ತೊಗೊಳ್ತೈತೇನು?”

“ಅದಕ್ಕs ಇದನ್ನ ಕಂಪ್ಯೂಟರ್ ಮಾಡೂದ್ರಿ.”

“ಮೊದಲು ಮಾಡೀಯೇನು?”

“ನೂರಾರು ಮಾಡೀನ್ರಿ.”

ಅಜ್ಜಾರು ನಕ್ಕರು. ನಾನು ಒಂದೂ ಮಾಡಿರಲಿಲ್ಲ.

ಪೇಟೆಯಲ್ಲಿ ಶಮೀಮಾ ಅಂತ ಒಬ್ಬಳು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಳು. ಅವಳ ಹತ್ತಿರ ಹೋದೆ.

“ಕಾಕಾ, ಟೀವಿಯೊಳಗೂ ಸಣ್ಣ ಕಂಪ್ಯೂಟರ್ ಇರ್ತೈತಿ,” ಎಂದಳು. “ಆದ್ರ ನಿಮ್ಮದು ಕ್ಯಾಮೆರಾ ಹಚ್ಚಿದ್ರ ಗುರುತು ಹಿಡಿಯೂದಿಲ್ಲ. ಮೇಜಿನ ಮ್ಯಾಲಿನ ಕಂಪ್ಯೂಟರ್ ನಡಸೂ ಲಿನಕ್ಸ್ ಅಂತ ಐತಿ. ಅದನ್ನ ಹಾಕಿದ್ರ ಹಿಡೀತೈತಿ.”

ಅದನ್ನು ಒಂದು ಪೆನ್ ಡ್ರೈವಿಗೆ ತುಂಬಿ, ಬೆರಳುದ್ದದ ಕ್ಯಾಮೆರಾ ಒಂದನ್ನು ಜೊತೆಗೆ ಕೊಟ್ಟಳು. ನನಗೆ ಓದು ಬಾರದೆಂದು ಅವಳೊಬ್ಬಳಿಗೇ ಗೊತ್ತು. ಗುರುತು ಹೇಳಿಕೊಟ್ಟಳು.

“ಬಿಳೀ ಹೊಟ್ಟೀ ಹಕ್ಕಿ ಲಿನಕ್ಸಿನ ಗುರುತು, ಅದು ಬಂತಂದ್ರ ಸರಿ. ಆಮ್ಯಾಲೆ ಎರಡು ಸಾಲು ಬರ್ತಾವ. ಮ್ಯಾಲಿಂದು ಒತ್ತಿದ್ರ ಅದು ಪೆನ್ ಡ್ರೈವಿನಾಗ ಕುಂತುಕೊಂಡs ಕೆಲಸ ಮಾಡ್ತೈತಿ. ಕೆಳಗಿಂದು ಒತ್ತಿದ್ರ ಟೀವೀದೆಲ್ಲಾ ಅಳಿಸಿ, ತಾನು ಒಳಗ ಕೂಡ್ತೈತಿ. ಕೆಳಗಿಂದು ಮುಟ್ಟಬ್ಯಾಡ.”

ನಾನು ಹದ್ದಿನ ಗೂಡಿನ ಎತ್ತರಕ್ಕೆ ಆಂಟೆನಾ ನೆಟ್ಟವನು. ಬಾಗಿಲಲ್ಲಿ ಕೂತು ಮಾಡುವ ಅರೆಬರೆ ಕೆಲಸ ನನಗೆ ಸೇರದು. ಕೆಳಗಿನದನ್ನೇ ಒತ್ತಿದೆ.

ಹಕ್ಕಿ ಹೋಯಿತು. ಟೀವಿ ಕಪ್ಪಾಯಿತು.

ಸಂಜೆ ಫಕೀರವ್ವ ಸೌಟು ಹಿಡಿದುಕೊಂಡೇ ಬಂದಳು. “ಚಂಬಣ್ಣಾ, ನನ್ನ ಪೈಲ್ವಾನರು ಎಲ್ಲಿ?”

“ಬರ್ತಾರ ತಡಿಯವ್ವ. ಅಂಗಿ ತೊಡಾಕತ್ತಾರ.”

“ಅವರು ಯಾವತ್ತು ಅಂಗಿ ತೊಟ್ಟಾರೋ!”

ಮರುದಿನ ಬೆಳಿಗ್ಗೆ ಅಜ್ಜಾರು ಸ್ನಾನ ಮುಗಿಸಿ, ತೊಡೆಯ ಮೇಲೆ ಒಂದು ಪತ್ರ ಇಟ್ಟುಕೊಂಡು, ಕಪ್ಪು ಟೀವಿಯ ಮುಂದೆ ಕುಳಿತಿದ್ದರು.

ನಾನು ಅವರ ಕಾಲ ಹತ್ತಿರ ಕುಳಿತೆ. “ತಪ್ಪಾತ್ರಿ. ಹಳೇದನ್ನೆಲ್ಲಾ ಅಳಿಸಿದ್ರ ಹೊಸಾದು ಗಟ್ಯಾಗಿ ಕೂಡ್ತೈತಿ ಅಂತ ತಿಳದೆ.”

ಅಜ್ಜಾರು ಎದ್ದು, ಗೋಡೆ ಹಿಡಿದುಕೊಂಡು ನಡೆದು, ನನ್ನ ಹಾಸಿಗೆ ಸುತ್ತಿದರು. ತಾವೇ ಹೊತ್ತು ಬಾಗಿಲಾಚೆ ಇಟ್ಟರು.

ನಾನು ಹಾಸಿಗೆಯ ಹಿಂದೆಯೇ ಹೋದೆ. “ನಾ ಹೋಗಬೇಕೇನ್ರಿ?”

“ಹೊಸಬ ಒಬ್ಬ ಬರಾವ ಅದಾನ. ಅವಗ ಜಾಗ ಬೇಕಲ್ಲ.”

“ಇಷ್ಟಗಲ ಪಡಸಾಲಿ ಐತಲ್ರಿ! ನಾ ಒಂದು ಮೂಲಿಗೆ ಸರಕೋತೀನಿ. ಅವನೂ ಇರಲಿ ಬಿಡ್ರಿ.”

“ಹೌದಲ್ಲ!” ಎಂದರು ಅಜ್ಜಾರು. ಹಾಸಿಗೆಯನ್ನು ತಿರುಗಿ ಹೊತ್ತು ತಂದು ಇದ್ದಲ್ಲೇ ಇಟ್ಟರು. ಆಮೇಲೆ ಟೀವಿಯ ಮೇಲಿನ ಧೂಳನ್ನು ತಮ್ಮ ವಸ್ತ್ರದಿಂದ ಒರೆಸಿದರು.

“ಪಾಪ, ಇದಕ್ಕ ಬಾಯಿ ಇರಲಿಲ್ಲ. ನಿನ್ನಂಗ ಕೇಳಲಿಲ್ಲ.”

ನಾನು ಮತ್ತೆ ಪೇಟೆಗೆ ಹೋದೆ.

“ಮುಟ್ಟಬ್ಯಾಡ ಅಂದಿದ್ದೆನಲ್ಲ, ಕಾಕಾ?”

“ನಾ ಎಲ್ಲಿ ಮುಟ್ಟೀನವ್ವ? ಬೆರಳು ಮುಟ್ತು.”

ಶಮೀಮಾ ಹಣೆ ಚಚ್ಚಿಕೊಂಡಳು. ಆದರೂ ಆ ಟೀವಿಯ ಹಳೆಯ ವ್ಯವಸ್ಥೆಯನ್ನು ಹುಡುಕಿ ಬೇರೆ ಪೆನ್ ಡ್ರೈವಿಗೆ ಹಾಕಿಕೊಟ್ಟಳು. ಅದನ್ನು ಚುಚ್ಚಿ, ಟೀವಿಯ ಹಿಂಬದಿಯ ಗುಂಡಿ ಒತ್ತಿ ಹಿಡಿದು ಕರೆಂಟು ಕೊಡಬೇಕು ಎಂದಳು. ಆಶ್ರಮಕ್ಕೆ ಬಂದು ಹಾಗೇ ಮಾಡಿದೆ. ಸಂಜೆಯ ಹೊತ್ತಿಗೆ ಫಕೀರವ್ವನ ಪೈಲ್ವಾನರು ಅಂಗಿ ಇಲ್ಲದೆಯೇ ತಿರುಗಿ ಬಂದರು.

ಬೆಳಿಗ್ಗೆ ಮೊದಲಿನ ಪೆನ್ ಡ್ರೈವ್ ಚುಚ್ಚಿ, ಮೇಲಿನ ಸಾಲು ಒತ್ತಿದೆ. ಹಕ್ಕಿ ಬಂತು. ಕೂತಿತು.

ದೀಪ ತೂಗುಹಾಕುವ ಕೊಂಡಿಗೆ ಕ್ಯಾಮೆರಾ ಕಟ್ಟಿ, ಕೆಳಗೆ ಮಣೆ ಇಟ್ಟೆ. ಅಜ್ಜಾರು ಪತ್ರವನ್ನು ಮಣೆಯ ಮೇಲೆ ಬಿಡಿಸಿದರು. ಗೋಡೆಯ ಮೇಲೆ ಅಕ್ಷರಗಳು ಎದ್ದು ನಿಂತವು. ಎಷ್ಟು ದಪ್ಪ ಅಂದರೆ, ಹೊಳೆಯಾಚೆ ಮೇಯುತ್ತಿದ್ದ ಎಮ್ಮೆಗಳು ಕತ್ತೆತ್ತಿ ಓದಲು ನೋಡಿದವು.

“ಬಾಗಲಾ ಹಾಕು,” ಎಂದರು ಅಜ್ಜಾರು.

ಬಾಗಿಲು ಎಳೆದುಕೊಳ್ಳುತ್ತ ನಾನೂ ಹೊರಗೆ ಹೊರಟೆ.

“ನೀ ಎಲ್ಲಿ ಹೊಂಟಿ? ಕಾಗದ ಸರಸಾಕ, ಯಂತ್ರ ನೋಡಾಕ ಒಬ್ಬರು ಬೇಕು.”

“ಅಕ್ಷರ ಗ್ವಾಡಿ ತುಂಬ ಅದಾವ್ರಿ. ಒಳಗಿದ್ದವರ ಕಣ್ಣಿಗೆ ಬೀಳ್ತಾವ.”

“ನಿನಗ ಓದಾಕ ಬರ್ತೈತೇನು?”

ತಲೆ ತಗ್ಗಿಸಿದೆ. “ಇಲ್ರಿ.”

“ಹಂಗಾರ ನೀನs ಬೇಕು. ಬಾ.”

ಅರವತ್ತು ವರ್ಷ ಬಚ್ಚಿಟ್ಟುಕೊಂಡು ಬಂದ ನಾಚಿಕೆ ಅಂದು ಕೆಲಸಕ್ಕೆ ಬಂತು.

ಅಂದಿನಿಂದ ಬೆಳಿಗ್ಗೆ ಅಜ್ಜಾರು ಕೇಳುವರು, “ಅತಿಥಿ ಬಂದನೇನೋ?” ನಾನು ಪೆನ್ ಡ್ರೈವ್ ಚುಚ್ಚುವೆ. ಅವರು ಸದ್ದಿಲ್ಲದೆ ಓದುವರು. ಮಣೆಯ ಮೇಲೆ ಹಾಳೆ ಇಟ್ಟು, ಟೀವಿಯಲ್ಲಿ ತಮ್ಮ ಕೈಯನ್ನೇ ನೋಡಿಕೊಳ್ಳುತ್ತ ಉತ್ತರ ಬರೆಯುವರು. ಪತ್ರದ ಒಂದು ಮಾತೂ ಅವರ ಬಾಯಿಂದ ಹೊರಬರುತ್ತಿರಲಿಲ್ಲ.

ಲಕೋಟೆಯ ಮೇಲೆ ವಿಳಾಸ ಬರೆಯುವಾಗ ಮಾತ್ರ ಬಿಡಿಬಿಡಿಸಿ ಹೇಳುವರು. “ಬಾ... ದಾ... ಮಿ.” ಮತ್ತೊಂದು ದಿನ, “ಮು... ಧೋ... ಳ.” ಇನ್ನೊಂದು ದಿನ, “ನ... ವ... ಲ... ಗುಂ... ದ.”

ನಾನು ಅವರು ಹೇಳಿದ ಅಕ್ಷರವನ್ನು ಗೋಡೆಯ ಮೇಲೆ ನೋಡುತ್ತಿದ್ದೆ. ಅಂಚೆಪೆಟ್ಟಿಗೆಯವರೆಗೂ ಆ ಊರನ್ನು ಬಾಯಲ್ಲಿಟ್ಟುಕೊಂಡು ಹೋಗುತ್ತಿದ್ದೆ.

ಸಂಜೆ ಅತಿಥಿ ಹೊರಗೆ, ಪೈಲ್ವಾನರು ಒಳಗೆ. ಹೀಗೆ ಒಂದು ವರ್ಷದ ಮೇಲಾಯಿತು. ಬುಟ್ಟಿಯ ತಳ ಕಂಡಿತು.

ಒಂದು ದಿನ ಒಬ್ಬ ತಾಯಿಯ ಪತ್ರ ಬಂತು. ಬೇರೆ ಪತ್ರಗಳೆಲ್ಲ ಹೊಳೆಯ ಪಾಲು, ನಾನು ಹೇಳುವುದಿಲ್ಲ. ಈ ತಾಯಿ ಮಾತ್ರ ಆಮೇಲೆ ತಾನೇ ಆಶ್ರಮಕ್ಕೆ ಬಂದು, “ನನ್ನಂಥವರು ಇನ್ನೂ ಅದಾರ, ಹೇಳಪ್ಪ” ಅಂದಳು. ಅದಕ್ಕೆ ಹೇಳುತ್ತೇನೆ.

ಗೋಡೆಯ ಮೇಲೆ ಹೀಗಿತ್ತು:

“ಅಜ್ಜಾರಿಗೆ ಶರಣು. ಮಗಳು ತೀರಿಕೊಂಡು ವರ್ಷ ಆಯಿತು. ಮುಂದಿನ ತಿಂಗಳು ಮನೆಗೆ ಸೊಸೆ ಬರುವವಳಿದ್ದಾಳೆ. ಮಗಳ ಚಪ್ಪಲಿ ಇನ್ನೂ ಬಾಗಿಲಲ್ಲೇ ಇವೆ. ತೆಗೆಯಲೋ, ಇರಲೋ?”

ಅಜ್ಜಾರು ಕಣ್ಣು ಕಿರಿದು ಮಾಡಿ ಓದುತ್ತಿದ್ದರು. ಹೊರಗೆ ಹೊಳೆಯ ಸದ್ದು.

ಅವರು ಮುಖ ತಿರುಗಿಸದೆ ಕೇಳಿದರು. “ಚಂಬಣ್ಣ, ನಾ ಇನ್ನೂ ಎರಡನೇ ಸಾಲಿನಾಗ ಅದೀನಿ. ನೀ ಆಗಲೇ ಯಾಕ ಅಳಾಕತ್ತಿ?”

ಮೂಗು ಒರೆಸಿಕೊಂಡೆ. “ಕಣ್ಣಾಗ ಕಸ ಬಿತ್ರಿ.”

“ಎಂದಿನಿಂದ ಬೀಳಾಕತ್ತೈತಿ ಈ ಕಸ?”

ಏಳು ತಾಲ್ಲೂಕಿನಲ್ಲಿ ನನ್ನ ಬಾಯಿ ಕಟ್ಟಿದವರಿಲ್ಲ. ಅಂದು ಒಂದು ಸುಳ್ಳೂ ನೆನಪಾಗಲಿಲ್ಲ.

“ಹೋದ ದೀಪಾವಳಿಯಿಂದ್ರಿ,” ಎಂದೆ. ಇನ್ನು ಹಾಸಿಗೆ ನಿಜವಾಗಿಯೂ ಬಾಗಿಲಾಚೆ ಹೋಯಿತು ಅಂದುಕೊಂಡೆ.

ಅಜ್ಜಾರು ಮಣೆಯ ಮೇಲೆ ಬಿಳಿ ಹಾಳೆ ಇಟ್ಟರು. ತಡಕಾಡಿ ನನ್ನ ಕೈ ಹುಡುಕಿ, ಪೆನ್ನನ್ನು ಬೆರಳುಗಳ ನಡುವೆ ಸಿಕ್ಕಿಸಿದರು.

“ಹಂಗಾರ ಇದಕ್ಕ ಉತ್ತರ ನೀ ಬರಿ. ಹಾಸಿಗಿ ಹೊರಗಿಟ್ಟಾಗ ನನಗ ಹೇಳಿದ್ಯಲ್ಲ, ಅದನ್ನs. ಅಕ್ಷರ ದಪ್ಪ ಇರಲಿ. ಆಕೀಗೆ ಕಣ್ಣೀರಾಗ ಕಾಣಬೇಕು.”