ನೂರನೆಯ ಬಾಣ

"ತೊಂಬತ್ತೊಂಬತ್ತು ಬಾಣ, ತೊಂಬತ್ತೊಂಬತ್ತು ಹುಲ್ಲೆ. ಈ ಯುಗಾದಿ ಬೇಟೆಗೆ ನೂರಾಗಬೇಕು!" ಪಾಳೆಯಗಾರ ಸೂರಪ್ಪನಾಯಕ ಸಭೆಯಲ್ಲಿ ಮೀಸೆ ತಿರುವಿದ.

ತೊಡಕು ಒಂದೇ. ಊರೊಟ್ಟಿನ ಹುಲ್ಲುಗಾವಲಾದ ಕಾವಲಿನಲ್ಲಿ ಎರಡು ವರ್ಷದಿಂದ ಹುಲ್ಲೆ ಕಂಡವರಿರಲಿಲ್ಲ.

"ಕಾವಲಿನ ಅಂಚಿನಲ್ಲಿ ಬೇಟೆಗಾರರ ಹಟ್ಟಿಯಿದೆಯಲ್ಲ, ಮಹಾಪ್ರಭು, ಅವರೇ ತಿಂದು ಮುಗಿಸಿದ್ದಾರೆ," ಎಂದ ದಳವಾಯಿ ಮುದ್ದಣ್ಣ. "ಆ ಮೂವತ್ತು ಮನೆ ಎಬ್ಬಿಸಿದರೆ ಪಾಪ, ಮೃಗಗಳು ಬದುಕಿಕೊಳ್ಳುತ್ತವೆ." ಮೃಗಗಳ ಮೇಲಿನ ಮರುಕಕ್ಕೆ ಅವನ ಕಣ್ಣು ಒದ್ದೆಯಾಯಿತು.

ಹಟ್ಟಿಯ ಹಿರಿಯ ಗಾದ್ರಯ್ಯ ಕೈಮುಗಿದ. "ಬುದ್ಧೀ, ಗಬ್ಬದ ಹುಲ್ಲೆಗೆ ನಾವು ಬಿಲ್ಲೆತ್ತಲ್ಲ. ಮರಿ ಹಾಕೋ ಕಾಲದಾಗೆ ಕಾವಲಿಗೆ ಕಾಲೇ ಇಡಲ್ಲ. ಅಜ್ಜನ ಕಾಲದಿಂದ ಹಿಂಗೇ."

"ಹಾಗಾದರೆ ಹುಲ್ಲೆ ತೋರಿಸು," ಎಂದ ದೊರೆ. " ಬೇಟೆಯ ದಿನ ನನ್ನೆದುರಿಗೆ ಒಂದೂ ಬರದಿದ್ದರೆ ಮರುದಿನ ಹಟ್ಟಿ ಖಾಲಿ. ಚೌಡಯ್ಯ, ಅಪ್ಪಣೆ ಬರಿ. ಕಾವಲಿನಲ್ಲಿ ಸಿಕ್ಕ ಹುಲ್ಲೆ ಇನ್ನು ಅರಮನೆಯ ಬೇಟೆ."

ಆಸ್ಥಾನದ ಕರಣಿಕ ಚೌಡಯ್ಯ ಓಲೆಯಿಂದ ಲೇಖನಿ ಎತ್ತಿದ. "ಹುಲ್ಲೆ ಎಂದಷ್ಟೇ ಬರೆಯಲೇ ಪ್ರಭು?"

"ನಾಲ್ಕು ಕಾಲಿನದೆಲ್ಲ ಎಂದು ಬರೆ!" ದಳವಾಯಿ ನಡುವೆ ಬಾಯಿ ಹಾಕಿದ. "ಇಲ್ಲದಿದ್ದರೆ ಮೊಲ ಹೊಡೆದು, ಮೊಲ ಹುಲ್ಲೆಯಲ್ಲ ಅಂತಾರೆ ಈ ಕಳ್ಳರು."

"ಜಾಣರ ಮಾತು," ಎಂದ ಚೌಡಯ್ಯ. "ಸಿಕ್ಕ ಬೇಟೆಯ ಪಾಲು?"

"ಹಟ್ಟಿಯ ಪದ್ಧತಿಯಂತೆ," ಎಂದ ದೊರೆ.

ಆ ಪದ್ಧತಿ ಸರಳ. ತಮಟೆ ಬಡಿದು, ಕೂಗಿ, ಮೃಗಗಳನ್ನು ಬಿಲ್ಲಿನೆದುರಿಗೆ ಓಡಿಸುವ ಕೆಲಸಕ್ಕೆ ಸೋವು ಎನ್ನುತ್ತಾರೆ. ಸೋವಿಗೆ ಬಂದವರಿಗೆಲ್ಲ ಸಮಪಾಲು. ಬಂದ ನಾಯಿಗೂ ಒಂದು.

ದಳವಾಯಿ ನಕ್ಕ. "ಬರೆದುಕೊಳ್ಳಲಿ ಬಿಡಿ. ಇಲ್ಲದ ಮೃಗವನ್ನು ಎಷ್ಟು ಪಾಲು ಮಾಡಿದರೇನು?"

ದೊರೆ ಮುದ್ರೆ ಒತ್ತಿದ.

ಹೊರಗೆ ಚೌಡಯ್ಯ ಗಾದ್ರಯ್ಯನನ್ನು ಪಕ್ಕಕ್ಕೆ ಕರೆದ. "ಈ ಸಲ ಸೋವು ಗುಡ್ಡದ ಹಿಂದಿನಿಂದ ಶುರುವಾಗಲಿ."

"ಅಲ್ಲಿ ಹುಲ್ಲೆ ಇಲ್ಲ, ಸ್ವಾಮಿ."

"ಗೊತ್ತು. ಗುಡ್ಡದ ಹಿಂದೂ ಕಾವಲೇ ತಾನೆ?"

"ಕಾವಲೇ."

"ಸಾಕು."

ಬೇಟೆಯ ಬೆಳಿಗ್ಗೆ ದೊರೆ ಅಟ್ಟಣೆ ಏರಿ ಬಾಣ ಹೂಡಿದ. ಹಟ್ಟಿ ಖಾಲಿಯಾಗುವುದನ್ನು ಕಣ್ಣಾರೆ ಕಾಣಲು ದಳವಾಯಿಯೂ ಬಂದ. ಗುಡ್ಡದ ಹಿಂದೆ ತಮಟೆ ಸದ್ದು ಕೇಳಿದೊಡನೆ ಅವನ ಮುಖ ಇಳಿಯಿತು.

ದೂಳೆದ್ದಿತು. ದೂಳಿನೊಳಗಿಂದ ಬಂದವು, ಕುರಿಗಳು. ಒಂದಲ್ಲ, ಎರಡಲ್ಲ, ಆರುನೂರು. ಅಟ್ಟಣೆಯ ಕೆಳಗೆ ನಿಂತು ದೊರೆಯನ್ನು ನೋಡಿ 'ಬ್ಯಾ' ಎಂದವು.

ದೊರೆ ಬಿಲ್ಲು ಇಳಿಸಿದ. "ಇದೇನಯ್ಯಾ?"

"ಅರಮನೆಯ ಬೇಟೆ, ಪ್ರಭು. ಎಣಿಸಿ ನೋಡಿದೆ, ನಾಲ್ಕೇ ಕಾಲು," ಎಂದ ಚೌಡಯ್ಯ.

"ಮಹಾಪ್ರಭೂ, ಹೊಡೀಬೇಡಿ! ಅವು ನನ್ನವು!" ದಳವಾಯಿ ಚೀರಿದ.

"ನಿನ್ನವು ಕಾವಲಿನಲ್ಲಿ ಏನು ಮಾಡುತ್ತಿದ್ದವು?"

"ಇಲ್ಲೇ... ಸ್ವಲ್ಪ..."

"ಎಷ್ಟು ದಿನದಿಂದ?"

ಕುರಿಗಳ ಹಿಂದೆಯೇ ತಮಟೆ ಹಿಡಿದು ಸೋವಿನವರು ಬಂದರು. ಗಾದ್ರಯ್ಯ ಹೇಳಿದ: "ಎರಡು ವರ್ಷದಿಂದ, ಬುದ್ಧೀ. ಹೇಳಕ್ಕೆ ಬಂದರೆ ದಳವಾಯಿಗಳ ಆಳುಗಳು ಕೋಟೆ ಬಾಗಿಲಿಂದಲೇ ಅಟ್ಟುತಿದ್ರು. ಸಭೆಯಾಗೆ ಬರೇ ಬಾಯಲ್ಲಿ ಅಂದಿದ್ರೆ ಯಾರು ನಂಬೋರು?"

ದೊರೆ ಕಾವಲಿನ ಕಡೆ ನೋಡಿದ. ಹುಲ್ಲು ಬೋಳು ತಲೆಯ ಕೂದಲಿನಷ್ಟು ಉಳಿದಿತ್ತು.

"ಮೇವಿಲ್ಲದ ಕಡೆ ಹುಲ್ಲೆಗಳು ಯಾಕೆ ನಿಲ್ಲುತ್ತವೆ, ಪ್ರಭು?" ಎಂದ ಚೌಡಯ್ಯ. "ನಿಂತ ತೊಂಬತ್ತೊಂಬತ್ತರ ಲೆಕ್ಕ ತಮ್ಮ ಬತ್ತಳಿಕೆಯಲ್ಲಿದೆ."

ಸಭೆಯಲ್ಲಿ ಅಂದಿದ್ದರೆ ತಲೆ ಹೋಗುವ ಮಾತು. ಆರುನೂರು ಕುರಿಗಳ ನಡುವೆ ಅಟ್ಟಣೆಯ ಮೇಲೆ ನಿಂತ ದೊರೆಗೆ ಗದರಲು ಮುಖವಿರಲಿಲ್ಲ.

"ಹಟ್ಟಿ ಇದ್ದಲ್ಲೇ ಇರಲಿ," ಎಂದ. "ಕಾವಲು ನೋಡಿಕೊಳ್ಳುವುದೂ ಅವರೇ. ಕುರಿಗಳನ್ನು ಪದ್ಧತಿಯಂತೆ ಹಂಚಿ."

"ನನಗೆ?" ದಳವಾಯಿ ಗೋಗರೆದ.

"ಪದ್ಧತಿ ಉಂಟಲ್ಲ, ದಳವಾಯಿಗಳೇ," ಎಂದ ಚೌಡಯ್ಯ. "ತಾವೂ ಸೋವಿಗೆ ಬಂದು ಕೂಗಿದ್ದೀರಿ. ನಾಯಿಗೆಷ್ಟೋ ತಮಗೂ ಅಷ್ಟು."

ದೊರೆಗೆ ನಗು ತಡೆಯಲಾಗಲಿಲ್ಲ. "ಚೌಡಯ್ಯ, ನಿನಗೇನು ಬೇಕೋ ಕೇಳು."

"ಆ ನೂರನೆಯ ಬಾಣ, ಪ್ರಭು."

"ಬಿಲ್ಲು ಹಿಡಿಯಲು ಬಾರದವನಿಗೆ ಬಾಣ ಯಾಕಯ್ಯಾ?"

"ಅದಕ್ಕೇ ಕೇಳಿದೆ, ಪ್ರಭು. ಬಾಣ ಇನ್ನು ನನ್ನ ಹತ್ತಿರ ಇದೆ ಅಂತ ಗೊತ್ತಾದರೆ ಹುಲ್ಲೆಗಳು ಧೈರ್ಯವಾಗಿ ವಾಪಸು ಬರುತ್ತವೆ."